ಫ್ರೆಂಚ್ ಆಂಟಿಯ ಅಭಿಪ್ರಾಯದ ಪುಸ್ತಕ

ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಹೋದ ಮಂಗಳವಾರ ಬೆಳಿಗ್ಗೆ, ನೀರಿನ ಟ್ಯಾಂಕ್ ತೊಳೆಯುವ ಸೂಚನೆಯ ಕೆಳಗೆ, ಒಂದು ಸಾಲು ಬಂತು. ಮೊದಲು ಮೂರನೇ ಮಹಡಿಯಲ್ಲಿ ಬಾಡಿಗೆಗೆ ಇದ್ದ ಹಿರಿಯ ಮಹಿಳೆ ಗುರುಗ್ರಾಮದಲ್ಲಿ ತಮ್ಮ ತಂಗಿಯ ಮಗಳ ಮನೆಯಲ್ಲಿ ತೀರಿಕೊಂಡರಂತೆ. ಮಧ್ಯಾಹ್ನದ ಹೊತ್ತಿಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಅವುಗಳನ್ನು ಹಾಕಿದವರಲ್ಲಿ ಅರ್ಧ ಜನ ಅವರನ್ನು ನೋಡಿಯೇ ಇಲ್ಲ. ನೋಡಿದ್ದವರೊಬ್ಬರು ಬರೆದರು: "ಸಿನಿಮಾ ತೋರಿಸಿ ನಮ್ಮನ್ನೆಲ್ಲ ಅಣಕಿಸುತ್ತಿದ್ದರಲ್ಲ, ಅವರೇ ತಾನೇ? ಇರಲಿ, ಆತ್ಮಕ್ಕೆ ಶಾಂತಿ ಸಿಗಲಿ."

ಅವರು ಯಾರನ್ನೂ ಅಣಕಿಸಲಿಲ್ಲ. ಇಷ್ಟು ಸಣ್ಣ ವಾಕ್ಯವನ್ನು ಬರೆಯಲು ನನಗೆ ಏಳು ವರ್ಷ ಹಿಡಿಯಿತು. ಅಣಕಿಸಿದರು ಎಂಬ ಸುಳ್ಳು ಹುಟ್ಟಿದ್ದು ನನ್ನ ಪೆನ್ನಿನಿಂದ. ಅದನ್ನು ಒಪ್ಪಿಕೊಳ್ಳಲು ಈಗ ಕುಳಿತಿದ್ದೇನೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಆ ಹೆಸರನ್ನು ಒಮ್ಮೆ ಕೆಡಿಸಿದ ಕೈ ಇದು.

ನಾನು ಎಸ್.ಎಸ್.ಎಲ್.ಸಿ. ಮುಗಿಸಿ ದಿಲ್ಲಿಗೆ ಬಂದವನು. ಒಂದು ಮಂತ್ರಾಲಯದ ಟಪಾಲು ವಿಭಾಗದಲ್ಲಿ ಸೇರಿ, ಅಲ್ಲಿಯೇ ನಿವೃತ್ತನಾದೆ. ಓದಿದ್ದು ಕಡಿಮೆ, ಆದರೆ ಅಕ್ಷರ ದುಂಡಗೆ. ಆಫೀಸಿನಲ್ಲಿ ಯಾರಿಗೆ ರಜೆಯ ಅರ್ಜಿ ಬೇಕಾದರೂ ನನ್ನ ಮೇಜಿಗೆ ಬರುತ್ತಿದ್ದರು. ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ನಿವೃತ್ತಿಯ ನಂತರವೂ ಆ ಅಭ್ಯಾಸ ಬಿಡಲಿಲ್ಲ. ಸೊಸೈಟಿಯ ಗೇಟಿನ ಪಕ್ಕದ ಪೆಟ್ಟಿಗೆಗೆ ಬಂದ ಟಪಾಲನ್ನು ಮನೆವಾರು ವಿಂಗಡಿಸುವುದು ನಾನೇ. ಯಾರೂ ಕೊಡದ ಕೆಲಸ ಅದು. ಯಾರ ಮಗನಿಗೆ ಕೋರ್ಟಿನಿಂದ ಲಕೋಟೆ ಬಂತು, ಯಾರಿಗೆ ಆಸ್ಪತ್ರೆಯಿಂದ ಬಂತು ಎಂಬುದು ನನಗೆ ಮೊದಲು ತಿಳಿಯುತ್ತಿತ್ತು. ತಿಳಿದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ ಎಂದು ಹೇಳಲಾರೆ.

ನಮ್ಮ ಕಟ್ಟಡ ಯಮುನೆಯ ಪೂರ್ವಕ್ಕಿದೆ. ನಾಲ್ಕು ಮಹಡಿ, ಲಿಫ್ಟ್ ಇಲ್ಲ. ಕರ್ನಾಟಕದಿಂದ ಬಂದ ಕೇಂದ್ರ ಸರ್ಕಾರಿ ನೌಕರರು ಸೇರಿ ಕಟ್ಟಿಸಿದ್ದು. ಈಗ ಅರ್ಧಕ್ಕರ್ಧ ಬೇರೆಯವರಿದ್ದಾರೆ. ಆ ಹಿರಿಯ ಮಹಿಳೆ ಇಲ್ಲಿಗೆ ಬಾಡಿಗೆಗೆ ಬಂದಾಗ ಅರವತ್ತು ದಾಟಿತ್ತು. ಒಂಟಿ ಹೆಂಗಸು. ಚಾಣಕ್ಯಪುರಿಯ ಒಂದು ರಾಯಭಾರ ಕಚೇರಿಯಲ್ಲಿ ಮೂವತ್ತು ವರ್ಷ ಫ್ರೆಂಚ್ ಪತ್ರಗಳನ್ನು ಟೈಪ್ ಮಾಡಿದವರು. ಅದಕ್ಕೇ ಮಕ್ಕಳು ಫ್ರೆಂಚ್ ಆಂಟಿ ಎಂದು ಕರೆದರು, ಆಮೇಲೆ ಎಲ್ಲರೂ ಹಾಗೇ ಕರೆದರು. ನೂಲಿನ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕುತ್ತಿದ್ದರು. ಯೋಚಿಸುವಾಗ ಎರಡೂ ಕೈಯ ಬೆರಳುಗಳು ತೊಡೆಯ ಮೇಲೆ ಟೈಪ್ ಮಾಡುತ್ತಿದ್ದವು. ಒಮ್ಮೆ ನನ್ನ ಹೆಂಡತಿ ಕೇಳಿದಳು, "ಏನು ಟೈಪ್ ಮಾಡ್ತಾ ಇದ್ದೀರಿ ಅಕ್ಕಾ?"

"ನೀವು ಈಗ ಹೇಳಿದ್ದನ್ನೇ. ಹೀರೇಕಾಯಿ ಕಹಿ ಇತ್ತು ಅಂದ್ರಲ್ಲ, ಅದನ್ನ."

ಬೇರೆಯವರು ಮೆಟ್ಟಿಲಲ್ಲಿ ಸಿಕ್ಕರೆ ಊಟ ಆಯ್ತಾ ಎಂದು ಕೇಳುತ್ತಾರೆ. ಇವರು, "ಇವತ್ತು ಏನು ನೋಡಿದ್ರಿ?" ಎಂದು ಕೇಳುತ್ತಿದ್ದರು. ಮೊದಮೊದಲು ನನಗೆ ಗೊಂದಲವಾಗುತ್ತಿತ್ತು. ಏನು ನೋಡುವುದು? ಬಸ್ ಸ್ಟಾಪ್, ಹಾಲಿನ ಅಂಗಡಿ. ಒಂದು ದಿನ, ಹಾಲಿನ ಭಯ್ಯಾ ಎರಡು ಕಾಲಿಗೂ ಬೇರೆ ಬೇರೆ ಚಪ್ಪಲಿ ಹಾಕಿಕೊಂಡಿದ್ದ ಎಂದೆ. ಅವರು ಮೆಟ್ಟಿಲಲ್ಲೇ ಕುಳಿತು ನಕ್ಕರು. ಆಮೇಲೆ, "ಎರಡೂ ಎಡಗಾಲಿನವೋ, ಒಂದೊಂದು ಒಂದೊಂದು ಕಾಲಿಂದೋ?" ಎಂದು ವಿಚಾರಿಸಿದರು. ನಾನು ಮಾರನೆಯ ದಿನ ಹೋಗಿ ನೋಡಿ ಬಂದು ಹೇಳಿದೆ. ನನ್ನ ಮಾತನ್ನು ಅಷ್ಟು ಶ್ರದ್ಧೆಯಿಂದ ಯಾರೂ ಕೇಳಿರಲಿಲ್ಲ. ಇದನ್ನು ಮುಖ್ಯವಾಗಿ ಹೇಳಬೇಕು. ಅವರಿಂದ ನನಗೆ ಆದದ್ದು ಒಳ್ಳೆಯದೇ.

ಚಳಿಗಾಲದಲ್ಲಿ ತಿಂಗಳಿಗೊಂದು ಭಾನುವಾರ, ಮಧ್ಯಾಹ್ನ ಮೂರಕ್ಕೆ, ಕೆಳಗಿನ ಸಭಾಂಗಣದಲ್ಲಿ ಅವರು ಒಂದು ಹಳೆಯ ಸಿನಿಮಾ ಹಾಕುತ್ತಿದ್ದರು. ಗೋಡೆಗೆ ಬಿಳಿ ಬೆಡ್‌ಶೀಟು. ಲ್ಯಾಪ್‌ಟಾಪಿಗೆ ಸಿಕ್ಕಿಸಿದ, ಟಿಫಿನ್ ಡಬ್ಬಿಯಷ್ಟು ದೊಡ್ಡ ಪ್ರೊಜೆಕ್ಟರ್. ಸಿನಿಮಾಗಳು ಹೆಚ್ಚಾಗಿ ಫ್ರೆಂಚ್. ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು, ಆದರೆ ಕಣ್ಣು ಮಂದವಾದವರಿಗೆ ಅದು ಇರುವೆ ಸಾಲಿನ ಹಾಗೆ ಕಾಣುತ್ತಿತ್ತು. ಆದ್ದರಿಂದ ಅವರು ಬೆಡ್‌ಶೀಟಿನ ಪಕ್ಕದಲ್ಲಿ ನಿಂತು, ಪಾತ್ರಗಳು ಬಾಯಿ ತೆರೆದಂತೆಲ್ಲ ಆ ಮಾತನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಉಳಿದವರಿಗಾಗಿ ಅದನ್ನೇ ಹಿಂದಿಯಲ್ಲಿ ಮೊಟಕಾಗಿ ಹೇಳುತ್ತಿದ್ದರು. ಗಂಡಸಿಗೆ ಗಂಡುದನಿ, ಮುದುಕಿಗೆ ಮುದುಕಿಯ ದನಿ. ಎರಡು ಗಂಟೆ ನಿಂತೇ ಇರುತ್ತಿದ್ದರು.

ಇದಕ್ಕೆ ಟಿಕೆಟ್ಟಿರಲಿಲ್ಲ, ಒಂದು ನಿಯಮವಿತ್ತು. ಹೋಗುವಾಗ ಬಾಗಿಲ ಬಳಿಯ ಪುಸ್ತಕದಲ್ಲಿ ಸಿನಿಮಾ ಬಗ್ಗೆ ಒಂದು ಸಾಲಾದರೂ ಅಭಿಪ್ರಾಯ ಬರೆದು ಸಹಿ ಹಾಕಬೇಕು. ನಾಲ್ಕು ಅಕ್ಷರ ಬರೆಯಲು ಕೈ ನಡುಗುವವರಿಗೆ, ಕಣ್ಣು ಕಾಣದವರಿಗೆ ನಾನು ಬರೆದುಕೊಡುತ್ತಿದ್ದೆ. ಆ ಕೆಲಸವನ್ನು ಅವರೇ ಕೊಟ್ಟದ್ದು. "ಮೂರ್ತಿಯವರೇ, ನಿಮ್ಮ ಅಕ್ಷರ ನೋಡಿದರೆ ಟೈಪ್‌ರೈಟರಿಗೆ ನಾಚಿಕೆ ಆಗಬೇಕು" ಎಂದಿದ್ದರು. ಮುಂದಿನ ಪ್ರದರ್ಶನಕ್ಕೆ ಮೊದಲು ಹಿಂದಿನ ಅಭಿಪ್ರಾಯಗಳನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದರು. ಹೊಗಳಿದ್ದನ್ನು ಬೇಗ ಓದಿ ಮುಗಿಸಿ, ಬೈದದ್ದನ್ನು ನಿಧಾನವಾಗಿ, ಸವಿದು ಓದುತ್ತಿದ್ದರು.

ಏಳು ವರ್ಷದ ಹಿಂದೆ, ಕೊರೊನಾಕ್ಕೆ ಮೊದಲಿನ ಒಂದು ಜನವರಿಯಲ್ಲಿ, ಅವರು ಒಂದು ಕಪ್ಪು ಬಿಳುಪು ಹಾಸ್ಯ ಚಿತ್ರ ತಂದರು. ಪ್ಯಾರಿಸ್ಸಿನ ಆರು ಮಹಡಿಯ ಒಂದು ಹಳೆಯ ಕಟ್ಟಡ, ಅದರಲ್ಲಿ ಬದುಕುವ ಜನ. ಒಂದು ಬೆಳಿಗ್ಗೆ ಮೊದಲ ಮಹಡಿಯವನ ಊಟದ ಮೇಜಿನ ಮೇಲೆ ಚಾವಣಿಯಿಂದ ನೀರು ತೊಟ್ಟಿಕ್ಕುತ್ತದೆ. ಜಗಳಕ್ಕೆಂದು ಎರಡನೇ ಮಹಡಿಗೆ ಹೋದರೆ ಅಲ್ಲಿಯೂ ಮೇಲಿನಿಂದ ಸೋರುತ್ತಿದೆ. ಇಬ್ಬರೂ ಸೇರಿ ಮೂರನೆಯದಕ್ಕೆ ಹೋಗುತ್ತಾರೆ. ಹೀಗೆ ಪ್ರತಿ ಮಹಡಿಯವರೂ ಕೂಡಿಕೊಂಡು ಮೇಲೆ ಹತ್ತುವುದೇ ಕಥೆ.

ನಮ್ಮ ಕಟ್ಟಡದವರಿಗೆ ಸೀಪೇಜ್ ಎಂದರೆ ಏನೆಂದು ವಿವರಿಸಬೇಕಿಲ್ಲ. ದಿಲ್ಲಿಯ ಫ್ಲ್ಯಾಟುಗಳಲ್ಲಿ ಬದುಕಿದವರೆಲ್ಲರೂ ಜೀವಮಾನದಲ್ಲಿ ಒಮ್ಮೆಯಾದರೂ ಮೇಲಿನ ಮನೆಯ ಬಾಗಿಲು ಬಡಿದಿರುತ್ತಾರೆ. ಮೇಜಿನವನು ಸೂಪಿನ ಬಟ್ಟಲು ಹಿಡಿದುಕೊಂಡೇ ಮೇಲೆ ಹೋಗಿ, "ಸ್ವಾಮೀ, ನಿಮ್ಮ ಸ್ನಾನ ನನ್ನ ಸಾರಿನಲ್ಲಿ ಬೀಳ್ತಾ ಇದೆ" ಎಂದು ಫ್ರೆಂಚ್ ಆಂಟಿಯ ದನಿಯಲ್ಲಿ ಹೇಳಿದಾಗ ಸಭಾಂಗಣ ಕುಲುಕಾಡಿತು. "ಇದು ನಮ್ಮ ಬಿಲ್ಡಿಂಗೇ" ಎಂದು ಯಾರೋ ಕೂಗಿದರು. ನಾನೂ ನಕ್ಕೆ. ಅಲ್ಲಿಯವರೆಗೆ ನಾನೂ ನಗುತ್ತಿದ್ದೆ.

ಆಮೇಲೆ ನೆಲಮಹಡಿಯ ಒಬ್ಬ ಮುದುಕ ಬಂದ. ಕೆಲಸವಿಲ್ಲದ, ಬೋಳುತಲೆಯ ಮನುಷ್ಯ. ಎಲ್ಲರ ಕಾಗದಗಳನ್ನೂ ತಾನೇ ಹಂಚುತ್ತಾನೆ. ಹಂಚುವ ಮೊದಲು ಒಂದೊಂದು ಲಕೋಟೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾನೆ. ಮೆಟ್ಟಿಲಲ್ಲಿ ಯಾರು ಸಿಕ್ಕರೂ ನಿಲ್ಲಿಸಿ, "ನನಗೇನೂ ಗೊತ್ತಿಲ್ಲಪ್ಪ" ಎಂದು ಶುರು ಮಾಡಿ ಎಲ್ಲವನ್ನೂ ಹೇಳಿಬಿಡುತ್ತಾನೆ.

ಮೊದಲು ಒಂದು ಮೂಲೆಯಿಂದ ನಗು ಬಂತು. ಆಮೇಲೆ ಮುಂದಿನ ಸಾಲಿನವರು ತಿರುಗಿ ನನ್ನನ್ನು ನೋಡಿದರು. ನನ್ನ ಮೊಮ್ಮಗಳು, "ಅಜ್ಜ, ಯೇ ತೋ ಆಪ್ ಹೋ, ಇದು ನೀವೇ" ಎಂದು ಚಪ್ಪಾಳೆ ತಟ್ಟಿದಳು. ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು, "ರೀ, ನಿಮ್ಮನ್ನ ಫ್ರಾನ್ಸಿಗೆ ಯಾವಾಗ ಕರಕೊಂಡು ಹೋಗಿದ್ರು?" ಎಂದಳು. ಬೆಡ್‌ಶೀಟಿನ ಪಕ್ಕ ನಿಂತಿದ್ದವರು ಏನನ್ನೂ ಗಮನಿಸದೆ ಆ ಮುದುಕನ ದನಿಯಲ್ಲಿ ಮುಂದುವರಿಸುತ್ತಿದ್ದರು. ನಗು ಹೆಚ್ಚಾದಂತೆ ಅವರ ದನಿಗೂ ಹುರುಪು ಬಂತು.

ನಾನು ಎದ್ದು ಹೊರಗೆ ಹೋದೆ. ಗೇಟಿನ ಬಳಿ ಗಾರ್ಡಿನ ಕುರ್ಚಿಯಲ್ಲಿ ಕುಳಿತೆ. ಅವನು ಒಳಗೆ ಸಿನಿಮಾ ನೋಡುತ್ತಿದ್ದ. ಎಪ್ಪತ್ತು ವರ್ಷದ ಗಂಡಸು ಇಷ್ಟು ಸಣ್ಣ ವಿಷಯಕ್ಕೆ ಅಷ್ಟು ಕುದಿಯಬಹುದೆಂದು ನನಗೆ ಗೊತ್ತಿರಲಿಲ್ಲ. ಅವರು ದಿನವೂ ಮೆಟ್ಟಿಲಲ್ಲಿ ನನ್ನ ಮಾತು ಕೇಳುತ್ತಿದ್ದದ್ದು ಹೀಗೆ ಅಣಕಿಸಲಿಕ್ಕೇ ಎಂದು ತೀರ್ಮಾನಿಸಿಬಿಟ್ಟೆ.

ಸಿನಿಮಾ ಮುಗಿಯುವ ಹೊತ್ತಿಗೆ ಒಳಗೆ ಹೋಗಿ ಪುಸ್ತಕದ ಮುಂದೆ ಕುಳಿತೆ. ಆ ದಿನದ ಅಭಿಪ್ರಾಯಗಳು ಇನ್ನೂ ನೆನಪಿವೆ. ನಾಲ್ಕನೇ ಮಹಡಿಯ ನಿವೃತ್ತ ಇಂಜಿನಿಯರ್ ಬರೆದರು: "ಚಿತ್ರ ಉತ್ತಮ. ಮೊದಲೇ ಪ್ಲಂಬರನ್ನು ಕರೆದಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು." ಗಾರ್ಡ್ ಹಿಂದಿಯಲ್ಲಿ ಬರೆದ: "ಅಷ್ಟು ದೊಡ್ಡ ಕಟ್ಟಡಕ್ಕೆ ಒಬ್ಬ ಗಾರ್ಡೂ ಇಲ್ಲ, ನಂಬಲಾಗುವುದಿಲ್ಲ." ನನ್ನ ಹೆಂಡತಿ ಬರೆದಳು: "ಮನೆಮನೆಯಲ್ಲೂ ಒಲೆ ಉರಿಯುತ್ತದೆ, ಒಬ್ಬರೂ ಹೊಟ್ಟೆತುಂಬ ಉಣ್ಣುವುದನ್ನು ತೋರಿಸಲಿಲ್ಲ."

ಆಮೇಲೆ ನಾನು ಬರೆದುಕೊಡಬೇಕಾದ ಇಬ್ಬರು ಬಂದರು. ಮೊದಲನೆಯವರು ನೆಲಮಹಡಿಯ ಶ್ಯಾಮಲಮ್ಮ; ಇದು ಅವರ ನಿಜವಾದ ಹೆಸರಲ್ಲ. ಅವರ ಬಲಗೈ ನಡುಗುತ್ತದೆ. "ಬಹಳ ನಕ್ಕೆ ಅಂತ ಬರೀರಿ ಮೂರ್ತಿ. ಸೊಂಟದ ನೋವು ಎರಡು ಗಂಟೆ ಮರೆತುಹೋಗಿತ್ತು" ಎಂದರು. ಎರಡನೆಯವರು ನಾಡಿಗರು, ಎರಡೂ ಕಣ್ಣಿಗೆ ಪೊರೆ ಬಂದಿತ್ತು. "ಫಸ್ಟ್ ಕ್ಲಾಸ್. ಇನ್ನೊಂದು ಸಲ ಹಾಕಲಿ" ಎಂದರು.

ಶ್ಯಾಮಲಮ್ಮನ ಹೆಸರಿನಲ್ಲಿ ನಾನು ಬರೆದದ್ದು ಇದು: "ನಮ್ಮ ಮನೆಗಳ ಮಾತುಗಳನ್ನು ಕದ್ದು ಕೇಳಿ, ಸಿನಿಮಾದ ನೆಪದಲ್ಲಿ ನಿವಾಸಿಗಳನ್ನು ಅಣಕಿಸಲಾಗಿದೆ. ಹಿರಿಯರಿಗೆ ಅವಮಾನವಾಗಿದೆ." ನಾಡಿಗರ ಹೆಸರಿನಲ್ಲಿ: "ಮೇಲಿನ ಅಭಿಪ್ರಾಯಕ್ಕೆ ನನ್ನ ಸಹಮತವಿದೆ. ಇಂಥ ಪ್ರದರ್ಶನ ಇನ್ನು ಮುಂದೆ ಬೇಡ." ಇಬ್ಬರೂ ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿ ಹೋದರು. ಒಬ್ಬರೂ ಓದಿ ಹೇಳು ಎನ್ನಲಿಲ್ಲ. ನಲವತ್ತು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ.

ನನ್ನ ಲೆಕ್ಕಾಚಾರ ಸಣ್ಣದು. ಫ್ರೆಂಚ್ ಆಂಟಿ ಮನೆಗೆ ಹೋಗಿ ಪುಸ್ತಕ ತೆರೆಯುತ್ತಾರೆ, ಒಂದು ರಾತ್ರಿ ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ, ಅಷ್ಟೇ. ಆದರೆ ಸಭಾಂಗಣಕ್ಕೆ ಬೀಗ ಹಾಕಲು ಬಂದದ್ದು ಸೊಸೈಟಿಯ ಸೆಕ್ರೆಟರಿ. ಅವರೂ ನಮ್ಮ ಹಾಗೆ ಮಂತ್ರಾಲಯದಿಂದ ನಿವೃತ್ತರು, ಆದರೆ ದೊಡ್ಡ ಹುದ್ದೆಯಿಂದ. ಪುಸ್ತಕ ತಿರುವಿ ನೋಡಿ, ಕನ್ನಡಕ ಸರಿ ಮಾಡಿಕೊಂಡರು.

"ಮೂರ್ತಿ, ಇದು ಅಭಿಪ್ರಾಯ ಅಲ್ಲ, ಲಿಖಿತ ದೂರು. ಹೆಸರಿದೆ, ಸಹಿ ಇದೆ, ತಾರೀಖಿದೆ."

"ಸಿನಿಮಾ ಪುಸ್ತಕ ಸಾರ್ ಅದು" ಎಂದೆ.

"ಯಾವ ಪುಸ್ತಕವಾದರೇನು? ಬಂದದ್ದು ಬಂದಿದೆ. ಕ್ರಮ ತಗೋಬೇಕಲ್ಲ."

ಇದನ್ನು ಓದುವ ಬೇರೆಯವರಿಗೆ ನಗು ಬರಬಹುದು. ನಮ್ಮ ಕಟ್ಟಡದಲ್ಲಿ ಯಾರಿಗೂ ಬರಲಿಲ್ಲ. ನಾವೆಲ್ಲ ಜೀವನವಿಡೀ ಫೈಲು ನೋಡಿದವರು. ಬಾಯಲ್ಲಿ ನೂರು ಜನ ಹೊಗಳಿದರೂ ಅದು ಗಾಳಿಗೆ ಹೋಗುತ್ತದೆ, ಕಾಗದದ ಮೇಲೆ ಒಬ್ಬ ಬೈದರೆ ಅದಕ್ಕೊಂದು ನಂಬರು ಬೀಳುತ್ತದೆ. ಸೆಕ್ರೆಟರಿ ಆ ಪುಟದ ಫೋಟೋಕಾಪಿ ತೆಗೆಸಿ, ಟ್ಯಾಗ್ ಹಾಕಿ, ಫೈಲು ತೆರೆದರು. ಬಾಡಿಗೆಯವರು ಹನ್ನೊಂದು ತಿಂಗಳಿಗೊಮ್ಮೆ ಕರಾರು ಮುಂದುವರಿಸಲು ಸೊಸೈಟಿಯ ಒಪ್ಪಿಗೆ ಪತ್ರ ಬೇಕು. ಲಿಖಿತ ದೂರು ಇದ್ದರೆ ಆ ಪತ್ರ ಕೊಡುವಂತಿಲ್ಲ ಎಂಬುದು ನಮ್ಮ ನಿಯಮ. ಫ್ರೆಂಚ್ ಆಂಟಿಯ ಕರಾರು ಮಾರ್ಚಿಗೆ ಮುಗಿಯುವುದರಲ್ಲಿತ್ತು.

ಫೆಬ್ರವರಿಯ ಸಭೆಯಲ್ಲಿ ಸೆಕ್ರೆಟರಿ ಆ ಎರಡು ಅಭಿಪ್ರಾಯಗಳನ್ನು ಗಟ್ಟಿಯಾಗಿ ಓದಿದರು. ನಾಡಿಗರು ಕಣ್ಣಿನ ಆಪರೇಷನ್ನಿಗೆಂದು ಪುಣೆಗೆ ಮಗನ ಮನೆಗೆ ಹೋಗಿದ್ದರು. ಶ್ಯಾಮಲಮ್ಮ ಮುಂದಿನ ಸಾಲಿನಲ್ಲಿದ್ದರು. ತಮ್ಮ ಹೆಸರು ಕೇಳಿ ಅವರು ತಲೆಯೆತ್ತಿದ್ದನ್ನು ನಾನು ನೋಡಿದೆ. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಪಕ್ಕದವರು ಅವರ ಭುಜ ತಟ್ಟಿ, "ಸರಿಯಾಗಿ ಹೇಳಿದ್ರಿ ಆಂಟಿ, ನಮಗೆ ಯಾರಿಗೂ ಧೈರ್ಯ ಇರಲಿಲ್ಲ" ಎಂದರು. ಇನ್ನೊಬ್ಬರು, "ಹೌದು, ನನಗೂ ಆವತ್ತು ಕಸಿವಿಸಿ ಆಯ್ತು" ಎಂದರು. ಆವತ್ತು ಎಲ್ಲರಿಗಿಂತ ಹೆಚ್ಚು ನಕ್ಕವರು ಅವರು. ಶ್ಯಾಮಲಮ್ಮ ತೆರೆದ ಬಾಯಿ ಮುಚ್ಚಿ, ಸೆರಗು ಹೊದ್ದುಕೊಂಡರು.

ಫ್ರೆಂಚ್ ಆಂಟಿ ಎದ್ದು ನಿಂತರು. ಬೆರಳುಗಳು ಸೀರೆಯ ಮೇಲೆ ಟೈಪ್ ಮಾಡುತ್ತಿದ್ದವು.

"ಶ್ಯಾಮಲಮ್ಮಾ, ನಿಮಗೆ ಹಾಗನ್ನಿಸಿತಾ?"

ಶ್ಯಾಮಲಮ್ಮ ನೆಲ ನೋಡಿದರು. "ಬರೆದಿದೆಯಲ್ಲ."

ಅವರು ನನ್ನ ಕಡೆ ತಿರುಗಿದರು. "ಮೂರ್ತಿಯವರೇ, ಬರೆದದ್ದು ನೀವು. ಅವರು ಹೇಳಿದ್ದು ಇದೇನಾ?"

ಅದು ಆರೋಪವಾಗಿರಲಿಲ್ಲ. ನನ್ನ ಮೇಲಿನ ನಂಬಿಕೆಯಿಂದ ಕೇಳಿದ್ದು. ಇಲ್ಲ ಎಂಬ ಒಂದು ಮಾತು ಸಾಕಿತ್ತು.

"ಹೇಳಿದ್ದನ್ನ ಬರೆಯೋದಷ್ಟೇ ಮೇಡಂ ನನ್ನ ಕೆಲಸ" ಎಂದೆ.

"ಹೌದು" ಎಂದರು ಅವರು. "ಹಾಗಾದರೆ ತಪ್ಪು ನನ್ನದೇ ಇರಬೇಕು." ಕುಳಿತುಕೊಂಡರು. ವಾದ ಮಾಡಲಿಲ್ಲ. ಒಪ್ಪಿಗೆ ಪತ್ರ ಸಿಗಲಿಲ್ಲ. ಮಾರ್ಚಿನಲ್ಲಿ ಒಂದು ಟೆಂಪೋ ಬಂತು. ಪ್ರೊಜೆಕ್ಟರನ್ನು ಟೆಂಪೋಗೆ ಹಾಕಲು ಬಿಡದೆ ಮಡಿಲಲ್ಲಿ ಇಟ್ಟುಕೊಂಡು ಆಟೋದಲ್ಲಿ ಹೋದರು.

ಅವರು ಹೋದದ್ದು ಲಕ್ಷ್ಮೀ ನಗರಕ್ಕೆ. ಕೋಚಿಂಗ್ ಸೆಂಟರಿನ ಮೇಲಿನ ಒಂದೇ ಕೋಣೆ. ಹಳೆಯ ವಿಳಾಸಕ್ಕೆ ಅವರ ಟಪಾಲು ಬರುತ್ತಲೇ ಇತ್ತು, ಅದನ್ನು ಕೊಡುವ ನೆಪದಲ್ಲಿ ಏಪ್ರಿಲಿನಲ್ಲಿ ಅಲ್ಲಿಗೆ ಹೋದೆ. ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋಗಿದ್ದೆ. ಕೆಳಗಿನ ತರಗತಿಯಲ್ಲಿ ಮೇಷ್ಟರು ಮೈಕಿನಲ್ಲಿ ಪಾಠ ಹೇಳುತ್ತಿದ್ದರು. ನೆಲ ಸಣ್ಣಗೆ ನಡುಗುತ್ತಿತ್ತು. "ಈ ವಯಸ್ಸಿನಲ್ಲಿ ಮತ್ತೆ ಪರೀಕ್ಷೆಗೆ ಓದೋ ಹಾಗಾಯ್ತು" ಎಂದು ನಕ್ಕರು. ಚಹಾ ಕೊಟ್ಟರು. ನಾನು ಸುತ್ತಿ ಬಳಸಿ ಆ ಸಿನಿಮಾದ ಮಾತು ತೆಗೆದೆ. ಆ ಲಕೋಟೆಯ ಮುದುಕನ ಬಗ್ಗೆ ಕೇಳಿದೆ.

"ಅವನೇ ನನಗೆ ಎಲ್ಲರಿಗಿಂತ ಇಷ್ಟ" ಎಂದರು. "ಕೊನೆಯಲ್ಲಿ ಎಲ್ಲರೂ ತಾರಸಿಗೆ ಹೋಗ್ತಾರಲ್ಲ, ಹೊಡೆದಾಟಕ್ಕೇ ನಿಲ್ತಾರಲ್ಲ, ಆಗ ಅವನೇ ಅಲ್ವಾ ಬಿಡಿಸೋದು? ಇವಳ ಮಗ ಕಾಗದ ಬರೆಯೋದು ಬಿಟ್ಟಿದ್ದಾನೆ, ಇವನಿಗೆ ಕೆಲಸ ಹೋಗಿದೆ, ಅಂತ ಒಬ್ಬೊಬ್ಬರ ಕಷ್ಟವನ್ನೂ ಇನ್ನೊಬ್ಬರಿಗೆ ಹೇಳ್ತಾನೆ. ಆ ಬಿಲ್ಡಿಂಗಿನಲ್ಲಿ ಎಲ್ಲರ ಬಗ್ಗೆ ಗೊತ್ತಿರೋನು ಅವನೊಬ್ಬನೇ. ನೀವು ನೋಡಲಿಲ್ವಾ?"

ನೋಡಿರಲಿಲ್ಲ. ಗೇಟಿನಲ್ಲಿ ಕುಳಿತಿದ್ದೆ. ಹಾಗೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಒಳಗಿನಿಂದ ಎರಡು ಹಾಳೆ ತಂದು ನನ್ನ ಮುಂದಿಟ್ಟರು.

"ಒಂದು ಉಪಕಾರ ಮಾಡಿ. ಶ್ಯಾಮಲಮ್ಮನಿಗೂ ನಾಡಿಗರಿಗೂ ಕಾಗದ ಬರೀಬೇಕು. ಇಂಥದ್ದನ್ನ ಟೈಪ್ ಮಾಡಿ ಕಳಿಸಬಾರದು, ಕೈಯಲ್ಲೇ ಬರೀಬೇಕು. ನನ್ನ ಬೆರಳು ನೋಡಿ, ಗಂಟು ಕಟ್ಟಿವೆ, ಪೆನ್ನು ಹಿಡಿಯೋಕೆ ಆಗಲ್ಲ. ನಾನು ಹೇಳ್ತೀನಿ, ನೀವು ಬರೀರಿ."

ಅವರು ಹೇಳಿದರು, ನಾನು ಬರೆದೆ. "ಆವತ್ತು ನಾನು ಹೇಳಿದ ಮಾತೆಲ್ಲ ಆ ಸಿನಿಮಾದ್ದು. ದನಿ ಮಾತ್ರ ನನ್ನದು. ಆ ದನಿಯಲ್ಲಿ ನಿಮಗೆ ನಿಮ್ಮ ಮನೆಯ ಅಣಕ ಕೇಳಿಸಿದ್ದರೆ ತಪ್ಪು ನನ್ನದೇ. ಬೇಕೆಂದು ಮಾಡಿದ್ದಲ್ಲ. ನಿಮ್ಮ ಮನಸ್ಸು ನೋಯಿಸಿದ್ದಕ್ಕೆ ಕ್ಷಮಿಸಿ." ಕೆಳಗೆ ನಿಧಾನವಾಗಿ, ನೋವು ತಿನ್ನುತ್ತ ಸಹಿ ಹಾಕಿದರು. ಸಹಿ ಹಾಕುವ ಮುನ್ನ ಓದಿ ನೋಡಲಿಲ್ಲ.

ಆ ಕಾಗದಗಳನ್ನು ನಾನು ಕೊಡಲಿಲ್ಲ. ಕೊಟ್ಟರೆ ಶ್ಯಾಮಲಮ್ಮ, ಯಾವುದಕ್ಕೆ ಕ್ಷಮೆ ಎಂದು ಕೇಳುತ್ತಿದ್ದರು. ಪುಣೆಯಿಂದ ಹೊಸ ಕಣ್ಣು ಮಾಡಿಸಿಕೊಂಡು ಬಂದಿದ್ದ ನಾಡಿಗರು ಪುಸ್ತಕ ತನ್ನಿ ಎನ್ನುತ್ತಿದ್ದರು. ಹರಿದು ಎಸೆಯೋಣವೆಂದರೆ ಮೆಟ್ರೋ ಸ್ಟೇಷನ್ನಿನಲ್ಲಿ ಒಂದು ಕಸದ ಬುಟ್ಟಿಯೂ ಕಾಣಲಿಲ್ಲ. ಮನೆಗೆ ತಂದು, ಬಾತ್‌ರೂಮಿನ ಬಕೆಟ್ಟಿನಲ್ಲಿ ನೆನೆಸಿ, ಶಾಯಿ ಬಿಟ್ಟ ಮೇಲೆ ಹಿಂಡಿ ಉಂಡೆ ಮಾಡಿ ಎಸೆದೆ.

ಮುಂದಿನ ತಿಂಗಳು ಟಪಾಲು ಕೊಡಲು ಹೋದಾಗ ಬಾಗಿಲಲ್ಲೇ ಕೇಳಿದರು. "ಕೊಟ್ರಾ?"

"ಕೊಟ್ಟೆ."

"ಏನಂದ್ರು?"

ಕ್ಷಮಿಸಿದ್ದಾರೆ ಎಂದು ಒಂದು ಸುಳ್ಳು ಹೇಳಿದ್ದರೆ ಅವರ ಮನಸ್ಸಾದರೂ ಹಗುರವಾಗುತ್ತಿತ್ತು. ಅಷ್ಟು ಸುಳ್ಳು ಹೇಳಿದವನಿಗೆ ಅದೊಂದು ಕಷ್ಟವಿರಲಿಲ್ಲ. ಆದರೆ ಕ್ಷಮಿಸಿದ್ದಾರೆ ಎಂದರೆ ಅವರು ಮಾರನೆಯ ದಿನವೇ ಬಿಳಿ ಶೂ ಹಾಕಿಕೊಂಡು ಶ್ಯಾಮಲಮ್ಮನನ್ನು ನೋಡಲು ಬರುತ್ತಾರೆ ಎಂದು ಹೆದರಿದೆ.

"ಏನೂ ಅನ್ನಲಿಲ್ಲ" ಎಂದೆ.

"ಇಬ್ಬರೂನಾ?"

"ಇಬ್ಬರೂ."

ಅವರು ಟಪಾಲನ್ನು ತೆಗೆದು ಪಕ್ಕಕ್ಕಿಟ್ಟರು. "ಹಾಗಾದ್ರೆ ಬಹಳ ನೋವಾಗಿರಬೇಕು" ಎಂದರು. ಆ ದಿನ ಚಹಾ ಮಾಡಲಿಲ್ಲ. ಪ್ರೊಜೆಕ್ಟರ್ ಎಲ್ಲಿ ಎಂದು ಕೇಳಿದೆ. ಕೆಳಗಿನ ಕೋಚಿಂಗಿನವರಿಗೆ ಕೊಟ್ಟುಬಿಟ್ಟರಂತೆ. "ಇನ್ನು ಯಾರಿಗೆ ತೋರಿಸಲಿ? ನನಗೇ ಗೊತ್ತಿಲ್ಲದೆ ಯಾರನ್ನಾದರೂ ನೋಯಿಸಿಬಿಡ್ತೀನಿ" ಎಂದರು. ಮೆಟ್ಟಿಲಿಳಿಯುವಾಗ, ಇವತ್ತು ಏನು ನೋಡಿದ್ರಿ ಎಂದು ಕೇಳಬಹುದೆಂದು ಕಾದೆ. ಕೇಳಲಿಲ್ಲ. ನಾನು ಮತ್ತೆ ಹೋಗಲಿಲ್ಲ. ಅವರ ಟಪಾಲನ್ನು ವಿಳಾಸ ತಿದ್ದಿ ಅಂಚೆಯವನಿಗೇ ಕೊಡತೊಡಗಿದೆ. ಆಮೇಲೆ ಕೊರೊನಾ ಬಂತು. ನಾಡಿಗರು ಅದರಲ್ಲಿ ಹೋದರು. ಇವರು ಗುರುಗ್ರಾಮಕ್ಕೆ ಹೋದರೆಂದು ಯಾರೋ ಹೇಳಿದರು. ಹೋಗಿ ನೋಡಲು ಮೆಟ್ರೋ ಇತ್ತು, ಮನಸ್ಸಿತ್ತು, ಕಾಲು ಏಳಲಿಲ್ಲ.

ಮಂಗಳವಾರ ಸಾವಿನ ಸುದ್ದಿ ಓದಿದ ಮೇಲೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. ಆರಿಸಿ ಮುಗಿದ ಮೇಲೆ, "ಆ ಸಿನಿಮಾದ ಮುದುಕ ನಿಮಗಿಂತ ಒಳ್ಳೆಯವನು" ಎಂದಳು. ಗುಂಪಿನಲ್ಲಿ ನಿಜ ಬರೆದುಬಿಡುತ್ತೇನೆ ಎಂದೆ. "ಮೊದಲು ಶ್ಯಾಮಲಮ್ಮನಿಗೆ ಹೇಳಿ. ಅವರ ಹೆಸರು ತಾನೇ ನೀವು ಹಾಕಿದ್ದು" ಎಂದಳು.

ಶ್ಯಾಮಲಮ್ಮನಿಗೆ ಈಗ ಎಂಬತ್ತಾರು. ಕಿವಿ, ನೆನಪು ಎರಡೂ ಚುರುಕು. ಅಂಗಳದ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಬಟಾಣಿ ಸುಲಿಯುತ್ತಿದ್ದರು. ನಾನು ಅವರ ಕಾಲ ಬಳಿ ಮೆಟ್ಟಿಲ ಮೇಲೆ ಕುಳಿತೆ. ಹೇಳಿದೆ. ಪುಸ್ತಕದಲ್ಲಿ ಇದ್ದದ್ದು ನಿಮ್ಮ ಮಾತಲ್ಲ, ನೀವು ಬಹಳ ನಕ್ಕೆ ಎಂದಿದ್ದಿರಿ, ಸೊಂಟದ ನೋವು ಮರೆತುಹೋಯಿತು ಎಂದಿದ್ದಿರಿ, ಅಣಕದ ಮಾತು ನನ್ನದು ಎಂದೆ.

ಅವರು ಬಟಾಣಿ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು.

"ನಿಮಗೆ ವಯಸ್ಸಾಯ್ತು ಮೂರ್ತಿ. ನಾನೇ ಹೇಳಿದ್ದು ಅದು."

"ಇಲ್ಲ ಅಮ್ಮಾ."

"ಅಣಕ ಮಾಡ್ತಾರೆ ಅಂತ ನನಗೆ ಆವತ್ತೇ ಅನಿಸಿತ್ತು. ಹೇಳಿದೆ. ಎಲ್ಲರೂ ಹೆದರಿ ಕೂತಿದ್ರು, ನಾನೊಬ್ಬಳೇ ಹೇಳಿದ್ದು. ಸಭೆಯಲ್ಲಿ ಓದಿದ್ರಲ್ಲ."

"ಓದಿದ್ದು ನಾನು ಬರೆದದ್ದನ್ನ. ನೀವು ಹೇಳಿದ್ದು ಬೇರೆ."

"ಸತ್ತವರ ಮೇಲೆ ಮರುಕ ಬಂದಿದೆ ನಿಮಗೆ, ಅದಕ್ಕೆ ಮೈಮೇಲೆ ಎಳಕೊಳ್ತಾ ಇದ್ದೀರಿ. ಒಳ್ಳೆಯದೇ. ಆದರೆ ಅದನ್ನ ಗುಂಪಿನಲ್ಲಿ ಹಾಕಿ ನನ್ನನ್ನ ಈ ವಯಸ್ಸಲ್ಲಿ ಸುಳ್ಳುಗಾತಿ ಮಾಡಬೇಡಿ. ನನ್ನ ಸೊಸೆ ಇವತ್ತಿಗೂ ಹೇಳ್ತಾಳೆ, ನಮ್ಮತ್ತೆ ಎಂಥವರಿಗೂ ಮುಖದ ಮೇಲೆ ಹೇಳ್ತಾರೆ ಅಂತ." ಬಟಾಣಿಯ ಸಿಪ್ಪೆಯನ್ನು ಪಕ್ಕಕ್ಕಿಟ್ಟರು. "ನನಗೆ ಹಗೆ ಇಲ್ಲ ಕಣ್ರೀ. ಅವರು ಒಂದೇ ಒಂದು ಸಲ ಬಂದು, ತಪ್ಪಾಯ್ತು ಅಂದಿದ್ರೆ ಅಲ್ಲೇ ಮುಗಿದುಹೋಗ್ತಿತ್ತು. ಹೇಳಲಿಲ್ಲ. ಓದಿದವರಿಗೆ ಅಷ್ಟು ಜಂಬ ಇರುತ್ತೆ."

"ಹೇಳಿದ್ರು" ಎಂದೆ. "ಕಾಗದ ಬರೆ‌ಸಿದ್ರು. ನನ್ನ ಕೈಯಲ್ಲೇ."

"ಎಲ್ಲಿದೆ?"

ಬಕೆಟ್ಟಿನ ವಿಷಯ ಹೇಳಿದೆ. ಕಾಗದದ ಮಾತುಗಳು ನನಗೆ ಬಾಯಿಪಾಠ ಆಗಿದ್ದವು. ದನಿ ಮಾತ್ರ ನನ್ನದು ಎಂಬಲ್ಲಿಂದ ಕ್ಷಮಿಸಿ ಎಂಬಲ್ಲಿಯವರೆಗೆ ಒಂದಕ್ಷರ ಬಿಡದೆ ಹೇಳಿದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಶ್ಯಾಮಲಮ್ಮ ಸಮಾಧಾನದ ದನಿಯಲ್ಲಿ, ಮಗುವಿಗೆ ಹೇಳುವ ಹಾಗೆ ಹೇಳಿದರು.

"ಚೆನ್ನಾಗಿ ಕಟ್ಟಿದ್ದೀರಿ. ನೀವು ಮೊದಲಿನಿಂದಲೂ ಚೆನ್ನಾಗಿ ಬರೀತೀರಿ."

ಇನ್ನೇನು ಹೇಳಲಿ? ನಾಡಿಗರಿಲ್ಲ. ಪುಸ್ತಕವನ್ನು ಸಭಾಂಗಣಕ್ಕೆ ಬಣ್ಣ ಹೊಡೆಸಿದಾಗ ರದ್ದಿಗೆ ಹಾಕಿದರು. ನನ್ನ ಹೆಂಡತಿಗೆ ನಾನು ಹೇಳಿದಷ್ಟೇ ಗೊತ್ತು. ಆ ಮಧ್ಯಾಹ್ನ ಶ್ಯಾಮಲಮ್ಮ ಬಹಳ ನಕ್ಕೆ ಎಂದದ್ದು ಈ ಭೂಮಿಯ ಮೇಲೆ ನನಗೊಬ್ಬನಿಗೇ ಗೊತ್ತು. ನಾನು ಹೇಳಿದರೆ ಯಾರೂ ನಂಬಬೇಕಾಗಿಲ್ಲ. ಹಾಗಾಗಿ ಗುಂಪಿನಲ್ಲಿ ಬರೆಯಲಿಲ್ಲ. ಕಟ್ಟಡದ ಹೆಸರಿಲ್ಲದೆ, ಅವರ ಹೆಸರೂ ಇಲ್ಲದೆ, ಇಲ್ಲಿ ಬರೆಯುತ್ತಿದ್ದೇನೆ. ಇದರಿಂದ ಅವರ ಹೆಸರು ತೊಳೆದುಹೋಗುವುದಿಲ್ಲ ಎಂದು ಗೊತ್ತಿದೆ.

ಆವತ್ತು ಅಂಗಳದಿಂದ ಎದ್ದು ಹೊರಟಾಗ ಶ್ಯಾಮಲಮ್ಮ ತಮ್ಮ ಮೊಬೈಲ್ ಚಾಚಿದರು. "ಎಲ್ಲರೂ ಏನೇನೋ ಹಾಕಿದ್ದಾರೆ, ನನ್ನದೊಂದೇ ಇಲ್ಲ. ನನ್ನ ಕೈಯಲ್ಲಿ ಒತ್ತೋಕೆ ಆಗಲ್ಲ. ನೀವೇ ಬರೀರಿ. ಶ್ಯಾಮಲಮ್ಮ ಕ್ಷಮಿಸಿದ್ದಾರೆ, ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ, ಅಂತ. ಅಷ್ಟೇ. ನಿಮ್ಮದೇನೂ ಸೇರಿಸಬೇಡಿ."

ಬಿಸಿಲಿಗೆ ಅಕ್ಷರ ಕಾಣದೆ, ಫೋನನ್ನು ನನ್ನ ನೆರಳಿನಲ್ಲಿ ಹಿಡಿದು ಒಂದೊಂದೇ ಅಕ್ಷರ ಒತ್ತಿದೆ.

"ಓದಿ" ಎಂದರು.

ಓದಿದೆ. ಅವರು ಹೇಳಿದ್ದೇ ಇತ್ತು.

"ಸರಿಯಾಗಿದೆ. ಕಳಿಸಿ."

ಕಳಿಸಿದೆ. ನಾನು ಅಲ್ಲಿ ನಿಂತಿರುವಾಗಲೇ ಉತ್ತರಗಳು ಬರತೊಡಗಿದವು. ಆಂಟಿಯ ಮನಸ್ಸು ದೊಡ್ಡದು ಎಂದು ಒಬ್ಬರು ಬರೆದಿದ್ದರು. ಏನು ಬಂತು ಎಂದು ಶ್ಯಾಮಲಮ್ಮ ಕೇಳಿದರು. ಅದನ್ನೂ ಓದಿ ಹೇಳಿದೆ.